ತಾಳೆಯಾಗುವ ಓದು

ಶನಿವಾರ ಬೆಳಿಗ್ಗೆ ನ್ಯೂಜೆರ್ಸಿಯ ನಮ್ಮೂರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕಿಟಕಿ ಪಕ್ಕದ ಮೇಜು ನಮ್ಮದು. ಓದಲು ಬರುವವರು ಇಬ್ಬರು. ಒಬ್ಬರು ದಾವಣಗೆರೆಯಲ್ಲಿ ಬಿ.ಕಾಂ. ಮುಗಿಸಿ, ಮದುವೆಯಾಗಿ ಇಲ್ಲಿಗೆ ಬಂದು ಹನ್ನೊಂದು ವರ್ಷವಾದವರು. ಇನ್ನೊಬ್ಬರು ಹಾಸನದ ಕಡೆಯವರು, ಡಿಗ್ರಿಯನ್ನು ನಡುವೆಯೇ ಬಿಟ್ಟವರು. ಇಬ್ಬರಿಗೂ ಇಲ್ಲಿಯ ಕಾಲೇಜಿನ ಪದವಿ ಬೇಕು. ನಾಲ್ಕು ವರ್ಷ ತರಗತಿಯಲ್ಲಿ ಕೂರುವಷ್ಟು ಸಮಯವೂ ಇಲ್ಲ, ಹಣವೂ ಇಲ್ಲ. ಅದಕ್ಕೇ ತರಗತಿಯ ಬದಲು ಪರೀಕ್ಷೆ ಬರೆದು ಕಾಲೇಜಿನ ಕ್ರೆಡಿಟ್ ಗಳಿಸುವ ಕ್ಲೆಪ್. ನಾನೂ ಅದೇ ದಾರಿಯಲ್ಲಿ ಬಂದವಳು. ಈ ಪರೀಕ್ಷೆಗಳ ಬಗ್ಗೆ ನನಗೆ ಗೌರವವಿದೆ. ಅವುಗಳಿಗೆ ಓದುವ ರೂಢಿ ಮಾತ್ರ ಈಗ ಹಿಡಿದಿರುವ ದಾರಿ ಸರಿಯಿಲ್ಲ.

ಗೌರವಕ್ಕೆ ಕಾರಣ ಮೊದಲು ಹೇಳುತ್ತೇನೆ. ಕಾಲೇಜ್ ಬೋರ್ಡ್ 1967ರಿಂದ ನಡೆಸಿಕೊಂಡು ಬಂದಿರುವ ಈ ಪರೀಕ್ಷೆ, ನೀವು ಎಲ್ಲಿ ಕಲಿತಿರಿ, ಯಾರ ಹತ್ತಿರ ಕಲಿತಿರಿ ಎಂದು ಕೇಳುವುದೇ ಇಲ್ಲ. ವಿಷಯ ಗೊತ್ತಿದೆಯೋ ಇಲ್ಲವೋ, ಅಷ್ಟೇ. ಈ ವಿಚಾರದ ಬೇರು ಎರಡನೇ ಮಹಾಯುದ್ಧದ ಕಾಲದ್ದು. 1942ರಲ್ಲಿ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಅಮೆರಿಕದ ಸೇನೆ ಸೈನಿಕರಿಗಾಗಿ ಅಂಚೆ ಶಿಕ್ಷಣದ ಸಂಸ್ಥೆಯೊಂದನ್ನು ತೆರೆಯಿತು. ಯುದ್ಧ ಮುಗಿಸಿ ಬಂದವರ ಕಲಿಕೆಯನ್ನು ಕಾಲೇಜುಗಳು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬ ಕೂಗು ಆಗಲೇ ಹುಟ್ಟಿತ್ತು. ಆ ಸಂಸ್ಥೆ ಮುಚ್ಚಿದ ಮೇಲೆ 1974ರಲ್ಲಿ ಅದರ ಜಾಗಕ್ಕೆ ಡಾಂಟೆಸ್ ಎಂಬ ಸಂಸ್ಥೆ ಬಂತು. ಅದು ಸೈನಿಕರಿಗೆಂದು ಬೆಳೆಸಿದ ಡಿಎಸ್‌ಎಸ್‌ಟಿ ಪರೀಕ್ಷೆಗಳನ್ನು ಇಂದು ಯಾರು ಬೇಕಾದರೂ ಬರೆಯಬಹುದು. ಇಲ್ಲಿಯ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು. ಇಂಥ ಒಂದು ಪರೀಕ್ಷೆ ಪಾಸಾದರೆ ಸಾಮಾನ್ಯವಾಗಿ 3 ಕ್ರೆಡಿಟ್ ಸಿಗುತ್ತದೆ. ಕ್ಲೆಪ್ ಶುಲ್ಕ ನೂರು ಡಾಲರಿನ ಆಸುಪಾಸು. ಅದೇ 3 ಕ್ರೆಡಿಟ್ಟಿಗೆ ತರಗತಿಯಲ್ಲಿ ಕೂತರೆ ಅದರ ಎಷ್ಟೋ ಪಟ್ಟು ಕಟ್ಟಬೇಕು. ಮಾಡರ್ನ್ ಸ್ಟೇಟ್ಸ್ ಎಂಬ ದತ್ತಿ ಸಂಸ್ಥೆಯ ಉಚಿತ ಪಾಠಗಳನ್ನು ಮುಗಿಸಿದವರಿಗೆ ಆ ಶುಲ್ಕದ ವೋಚರೂ ಸಿಗುತ್ತದೆ. ಮಕ್ಕಳನ್ನು ಸ್ಕೂಲ್ ಬಸ್ಸು ಹತ್ತಿಸಿ ಬಂದು ಓದಲು ಕೂರುವ ತಾಯಿಗೆ ಇದಕ್ಕಿಂತ ನ್ಯಾಯವಾದ ಬಾಗಿಲು ಈ ದೇಶದ ಶಿಕ್ಷಣದಲ್ಲಿ ನನಗೆ ಕಂಡಿಲ್ಲ.

ಬಾಗಿಲು ಎಲ್ಲ ಕಡೆ ಒಂದೇ ಅಗಲ ತೆರೆಯುವುದಿಲ್ಲ ಎನ್ನುವುದೂ ನಿಜ. ಕ್ರೆಡಿಟ್ ಕೊಡಿ ಎಂದು ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್ ಶಿಫಾರಸು ಮಾಡುತ್ತದೆ, ಒಪ್ಪುವುದು ಬಿಡುವುದು ಆಯಾ ಕಾಲೇಜಿಗೆ ಬಿಟ್ಟದ್ದು. ಟ್ರೆಂಟನ್‌ನ ಥಾಮಸ್ ಎಡಿಸನ್ ಸ್ಟೇಟ್, ಕನೆಕ್ಟಿಕಟ್‌ನ ಚಾರ್ಟರ್ ಓಕ್, ನ್ಯೂಯಾರ್ಕ್ ರಾಜ್ಯದ ಎಕ್ಸೆಲ್ಸಿಯರ್ ಇವು ಮೂರೂ 1970ರ ದಶಕದ ಆರಂಭದಲ್ಲಿ ಇಂಥ ವಿದ್ಯಾರ್ಥಿಗಳಿಗಾಗಿಯೇ ಹುಟ್ಟಿದವು. ಬೇರೆ ಕಡೆ ಬಿಸಿನೆಸ್ ವಿಭಾಗದವರು ಐಚ್ಛಿಕ ವಿಷಯವಾಗಿ ಮಾತ್ರ ಒಪ್ಪಿಕೊಂಡು, ಅಕೌಂಟಿಂಗನ್ನು ಮತ್ತೆ ತಮ್ಮಲ್ಲೇ ಓದಿ ಎನ್ನುವುದುಂಟು. ಪರವಾನಗಿ ಪಡೆದ ಲೆಕ್ಕಿಗರು, ಅಂದರೆ ಸಿಪಿಎ ಆಗುವ ಆಸೆಯಿದ್ದರಂತೂ ಆಯಾ ರಾಜ್ಯದ ಮಂಡಳಿಯನ್ನು ಮೊದಲೇ ಕೇಳಿಕೊಳ್ಳಬೇಕು. ಪುಸ್ತಕ ಕೊಳ್ಳುವ ಮುಂಚೆ ಕಾಲೇಜಿಗೆ ಒಂದು ಇಮೇಲ್ ಹಾಕಿ, ಉತ್ತರವನ್ನು ಬರಹದಲ್ಲಿ ಪಡೆದು ಇಟ್ಟುಕೊಳ್ಳಿ.

ಈಗ ನಮ್ಮ ಮೇಜಿನಲ್ಲಿ ಓದುವ ಪರೀಕ್ಷೆಗೆ ಬರೋಣ. ಕ್ಲೆಪ್‌ನ ಫೈನಾನ್ಶಿಯಲ್ ಅಕೌಂಟಿಂಗ್‌ನಲ್ಲಿ ಸುಮಾರು 75 ಪ್ರಶ್ನೆ, 90 ನಿಮಿಷ. ಎಲ್ಲವೂ ಉತ್ತರ ಆರಿಸುವ ಪ್ರಶ್ನೆಗಳು. ತಪ್ಪಿಗೆ ಅಂಕ ಕಳೆಯುವುದಿಲ್ಲ. ಕ್ಯಾಲ್ಕುಲೇಟರ್ ಪರದೆಯ ಮೇಲೆಯೇ ಇರುತ್ತದೆ. ಅಂಕ 20ರಿಂದ 80ರವರೆಗಿನ ಅಳತೆಯಲ್ಲಿ ಬರುತ್ತದೆ. ಪಾಸಿಗೆ 50 ಎಂದು ಶಿಫಾರಸು, ಆದರೆ ಅದು ಶೇಕಡಾ 50 ಅಲ್ಲ. ಬ್ಯಾಲೆನ್ಸ್ ಶೀಟಿಗೆ ಶೇ 30ರಿಂದ 40 ತೂಕ. ಇನ್‌ಕಮ್ ಸ್ಟೇಟ್‌ಮೆಂಟಿಗೂ ಮೂಲತತ್ವಗಳಿಗೂ 20ರಿಂದ 30. ಕ್ಯಾಶ್ ಫ್ಲೋಗೆ ಬರೀ 5ರಿಂದ 10. ಫೇಲಾದರೆ ಮೂರು ತಿಂಗಳು ಮತ್ತೆ ಬರೆಯುವಂತಿಲ್ಲ.

ರೂಢಿ ಕೆಟ್ಟಿರುವುದು ಈ ತೂಕದ ಪಟ್ಟಿಯನ್ನು ನೋಡಿಕೊಂಡೇ. ‘ಎರಡು ವಾರದಲ್ಲಿ ಪಾಸು’ ಎಂಬ ಭರವಸೆ ಎಲ್ಲೆಲ್ಲೂ ಸಿಗುತ್ತದೆ. ಓದುವವರು ಮೊದಲ ದಿನವೇ ಮಾದರಿ ಪರೀಕ್ಷೆ ತೆಗೆದುಕೊಳ್ಳುತ್ತಾರೆ, ತಪ್ಪಾದದ್ದಕ್ಕೆ ಫ್ಲ್ಯಾಶ್‌ಕಾರ್ಡ್ ಮಾಡುತ್ತಾರೆ, ಮತ್ತೆ ಮಾದರಿ ಪರೀಕ್ಷೆ. ಇತಿಹಾಸಕ್ಕೋ ಸಮಾಜಶಾಸ್ತ್ರಕ್ಕೋ ಇದು ಒಂದಷ್ಟು ದೂರ ಓಡೀತು. ಅಕೌಂಟಿಂಗ್‌ಗೆ ಓಡುವುದಿಲ್ಲ. ಇಲ್ಲಿ ಒಂದು ನಮೂದು ಇನ್ನೊಂದಕ್ಕೆ ತಗುಲಿಕೊಂಡಿರುತ್ತದೆ. ಮುಂಗಡ ಕಟ್ಟಿದ ವಿಮೆಯ ಒಂದು ತಿಂಗಳ ಭಾಗವನ್ನು ಖರ್ಚಿಗೆ ಹಾಕಿದರೆ ಲಾಭ ಇಳಿಯುತ್ತದೆ, ಆಸ್ತಿ ಇಳಿಯುತ್ತದೆ, ಬಂಡವಾಳವೂ ಇಳಿಯುತ್ತದೆ, ಕೈಯಲ್ಲಿರುವ ನಗದು ಮಾತ್ರ ಇದ್ದಷ್ಟೇ ಇರುತ್ತದೆ. ಕಾರ್ಡಿನಲ್ಲಿ ಇದು ನಾಲ್ಕು ಬೇರೆ ಬೇರೆ ಉತ್ತರ. ಕೈಯಿಂದ ಬರೆದವರಿಗೆ ಒಂದೇ ಘಟನೆ.

ನಾನು ತಯಾರಿ ನಡೆಸುವಾಗ ಕೊಂಡ ಅಭ್ಯಾಸ ಪುಸ್ತಕವೊಂದರಲ್ಲಿ ಉತ್ತರಗಳೇ ತಪ್ಪಿದ್ದವು. ಸವಕಳಿಯ ಮೂರು ಪ್ರಶ್ನೆಗಳಿಗೆ ನನ್ನ ಉತ್ತರ ಹೊಂದದೆ, ನನ್ನದೇ ತಪ್ಪೆಂದು ಎರಡು ರಾತ್ರಿ ಒದ್ದಾಡಿದೆ. ಕೊನೆಗೆ ಕಾಗದದ ಮೇಲೆ ಐದೂ ವರ್ಷದ ಲೆಕ್ಕ ಬರೆದಾಗ ಪುಸ್ತಕದ ತಪ್ಪು ಗೊತ್ತಾಯಿತು. ಉತ್ತರವನ್ನಷ್ಟೇ ಬಾಯಿಪಾಠ ಮಾಡಿದ್ದರೆ ಆ ತಪ್ಪೇ ನನ್ನ ತಲೆಯಲ್ಲಿ ಉಳಿಯುತ್ತಿತ್ತು.

ನನ್ನ ಸೋದರಮಾವ ಸಾಗರದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ದಿನದ ವ್ಯವಹಾರ ಕಿರ್ದಿಗೆ, ಕಿರ್ದಿಯಿಂದ ಖಾತೆಗೆ. ಸಂಜೆ ನಗದು ಪೆಟ್ಟಿಗೆಗೂ ಪುಸ್ತಕಕ್ಕೂ ತಾಳೆಯಾಗದೆ ಅವರು ಮನೆಗೆ ಹೊರಡುತ್ತಿರಲಿಲ್ಲ. ಕಾಮರ್ಸ್ ಓದದ ಅವರು ಡೆಬಿಟ್ ಕ್ರೆಡಿಟ್‌ನಲ್ಲಿ ಎಂದೂ ತಡವರಿಸಿದ್ದನ್ನು ನಾನು ನೋಡಿಲ್ಲ. ಅದಕ್ಕೇ ನಮ್ಮ ಮೇಜಿನ ಮೇಲೆ ಮೊದಲ ಐದು ವಾರ ಮಾದರಿ ಪರೀಕ್ಷೆಗೆ ಜಾಗವಿಲ್ಲ. ಒಂದು ಸಣ್ಣ ಹೂವಿನ ಅಂಗಡಿಯನ್ನು ಊಹಿಸಿಕೊಂಡು, ಜನವರಿ 1ರಿಂದ 31ರವರೆಗಿನ ಮೂವತ್ತು ವ್ಯವಹಾರಗಳನ್ನು ಜರ್ನಲ್‌ಗೆ ಬರೆದು, ಲೆಡ್ಜರ್‌ಗೆ ಹಾಕಿ, ತಾಳೆಪಟ್ಟಿ ಎತ್ತಿ, ಹೊಂದಾಣಿಕೆ ನಮೂದುಗಳನ್ನು ಮಾಡಿ, ಬ್ಯಾಲೆನ್ಸ್ ಶೀಟ್, ಇನ್‌ಕಮ್ ಸ್ಟೇಟ್‌ಮೆಂಟ್, ಕ್ಯಾಶ್ ಫ್ಲೋ ಮೂರೂ ಪಟ್ಟಿಗಳನ್ನು ತೆಗೆಯುವುದು. ಪರೀಕ್ಷೆಯಲ್ಲಿ ಇದನ್ನು ಯಾರೂ ಬರೆಯಲು ಹೇಳುವುದಿಲ್ಲ. ಆದರೂ ಇದೊಂದನ್ನು ಎರಡು ಸಲ ಮುಗಿಸಿದವರಿಗೆ ಆ 75ರಲ್ಲಿ ಬಹುಪಾಲು ಪ್ರಶ್ನೆಗಳು ಪರಿಚಯದ ಮುಖಗಳಾಗುತ್ತವೆ.

ನಮ್ಮ ಕಡೆ ಕಾಮರ್ಸ್ ಓದಿ ಬಂದವರಿಗೆ ಬೇರೆಯದೇ ತೊಡಕುಗಳಿವೆ, ಇಲ್ಲಿಯ ಪುಸ್ತಕಗಳಲ್ಲಿ ಅವುಗಳ ಸುದ್ದಿಯೇ ಇಲ್ಲ. ಪಿಯುಸಿಯಲ್ಲಿ ನಾವು ಬ್ಯಾಲೆನ್ಸ್ ಶೀಟಿನ ಎಡಕ್ಕೆ ಹೊಣೆಗಳನ್ನು, ಬಲಕ್ಕೆ ಆಸ್ತಿಗಳನ್ನು ಬರೆದು ರೂಢಿಯಾದವರು. ಇಲ್ಲಿ ಆಸ್ತಿ ಎಡಕ್ಕೆ, ಅದರಲ್ಲೂ ನಗದು ಎಲ್ಲಕ್ಕಿಂತ ಮೇಲೆ. ನಮಗೆ ಸ್ಟಾಕ್ ಎಂದರೆ ಗೋದಾಮಿನ ಸರಕು, ಇಲ್ಲಿ ಅದು ಷೇರು. ಸರಕಿಗೆ ಇನ್ವೆಂಟರಿ ಎನ್ನಬೇಕು. ಲೆಡ್ಜರ್‌ನಲ್ಲಿ ‘ಟು’, ‘ಬೈ’ ಎಂದು ಬರೆಯುವುದಿಲ್ಲ. ಡೆಬಿಟ್ ಕ್ರೆಡಿಟ್‌ಗೆ ನಮಗೆ ಕಲಿಸಿದ ಮೂರು ಚಿನ್ನದ ಸೂತ್ರಗಳನ್ನು ಇಲ್ಲಿ ಕೇಳಿದವರಿಲ್ಲ, ಎಲ್ಲವೂ ಆಸ್ತಿ ಎಂದರೆ ಹೊಣೆ ಕೂಡಿಸು ಬಂಡವಾಳ ಎಂಬ ಒಂದೇ ಸಮೀಕರಣದಿಂದ ಹೊರಡುತ್ತದೆ. ದಾವಣಗೆರೆಯ ಗೆಳತಿಗೆ ಇದು ಮೊದಲ ತಿಂಗಳು ಸಿಟ್ಟು ತರಿಸಿತ್ತು. ನನ್ನ ಮಟ್ಟಿಗೆ ಈ ಸಮೀಕರಣವೇ ಹೆಚ್ಚು ಒಳ್ಳೆಯದು, ಏಕೆಂದರೆ ಸೂತ್ರ ಮರೆತರೂ ಇದರಿಂದ ಮತ್ತೆ ಹುಟ್ಟಿಸಿಕೊಳ್ಳಬಹುದು. ಇನ್ನು ಕೊನೆಗೆ ಬಂದ ಸರಕು ಮೊದಲು ಹೋಗುವ ಲೈಫೋ ಪದ್ಧತಿ. ಭಾರತದ ಲೆಕ್ಕ ಮಾನದಂಡಗಳು ಅದನ್ನು ಒಪ್ಪುವುದಿಲ್ಲ, ಅಮೆರಿಕ ಒಪ್ಪುತ್ತದೆ. 5 ಡಾಲರಿನ ಹತ್ತು ಕುಂಡ, ಆಮೇಲೆ 7 ಡಾಲರಿನ ಹತ್ತು ಕುಂಡ ಕೊಂಡು ಹತ್ತನ್ನು ಮಾರಿದರೆ, ಮಾರಿದ ಸರಕಿನ ವೆಚ್ಚ ಮೊದಲು ಬಂದದ್ದು ಮೊದಲು ಹೋಗುವ ಫೈಫೋದಲ್ಲಿ 50, ಲೈಫೋದಲ್ಲಿ 70. ಬೆಲೆ ಏರುವ ಕಾಲದಲ್ಲಿ ಲೈಫೋದಿಂದ ಲಾಭ ಕಡಿಮೆ ಕಾಣುತ್ತದೆ, ತೆರಿಗೆಯೂ ಇಳಿಯುತ್ತದೆ.

ಸವಕಳಿಯಲ್ಲಿ ಎಡವುವವರು ಇನ್ನೂ ಹೆಚ್ಚು. 20,000 ಡಾಲರಿನ ವ್ಯಾನು, ಐದು ವರ್ಷದ ಬಾಳಿಕೆ, ಕೊನೆಗೆ ಬರುವ ಬೆಲೆ 2,000. ನೇರ ಪದ್ಧತಿಯಲ್ಲಿ ವರ್ಷಕ್ಕೆ 3,600. ನೇರ ದರದ ಇಮ್ಮಡಿಯನ್ನು ಉಳಿದ ಬೆಲೆಯ ಮೇಲೆ ಹಾಕುವ ಡಬಲ್ ಡಿಕ್ಲೈನಿಂಗ್‌ನಲ್ಲಿ ಆ 2,000ವನ್ನು ಮೊದಲು ಕಳೆಯುವಂತಿಲ್ಲ, ಪೂರ್ತಿ 20,000ದ ಮೇಲೆ ಶೇ 40. ಹೀಗೆ 8,000, ಆಮೇಲೆ 4,800, 2,880, 1,728. ಐದನೇ ವರ್ಷಕ್ಕೆ 2,592 ಉಳಿದಿರುತ್ತದೆ. ಅಲ್ಲಿ ಶೇ 40 ತೆಗೆದರೆ ತಪ್ಪು. 2,000ಕ್ಕೆ ನಿಲ್ಲಬೇಕಾದ್ದರಿಂದ 592 ಮಾತ್ರ. ನಮ್ಮಲ್ಲಿ ಇಳಿಯುವ ಬಾಕಿ ಪದ್ಧತಿಯ ಲೆಕ್ಕ ಮಾಡಿದವರಿಗೆ ಮೊದಲ ನಾಲ್ಕು ವರ್ಷ ಸಲೀಸು, ಐದನೆಯದರಲ್ಲಿ ಕೈ ತಾನಾಗಿ ಮುಂದೆ ಓಡುತ್ತದೆ.

ಪರೀಕ್ಷೆಯ ಮೇಲೂ ನನ್ನ ದೂರುಗಳಿವೆ. ಕ್ಯಾಶ್ ಫ್ಲೋಗೆ ಕೊಟ್ಟ ತೂಕ ತೀರಾ ಕಡಿಮೆ. ಲಾಭ ತೋರಿಸುತ್ತಲೇ ಅಂಗಡಿ ಮುಚ್ಚುವುದು ಏಕೆಂದು ಹೇಳುವ ಪಟ್ಟಿ ಅದೊಂದೇ. ಆದರೆ ಎರಡು ವಾರದ ಓದಿನವರು ಮೊದಲು ಬಿಡುವುದೂ ಅದನ್ನೇ. ಎರಡನೆಯದು, 2007ರಲ್ಲಿ ಹಳೆಯ ಪ್ರಿನ್ಸಿಪಲ್ಸ್ ಆಫ್ ಅಕೌಂಟಿಂಗ್ ಪರೀಕ್ಷೆಯ ಜಾಗಕ್ಕೆ ಈಗಿನದು ಬಂದಾಗ ವೆಚ್ಚ ಲೆಕ್ಕದ ಭಾಗ ಬಿಟ್ಟುಹೋಯಿತು. ಮ್ಯಾನೇಜೀರಿಯಲ್ ಅಕೌಂಟಿಂಗ್‌ಗೆ ಕ್ಲೆಪ್‌ನಲ್ಲಿ ಪರೀಕ್ಷೆಯೇ ಇಲ್ಲ. ಅರ್ಧ ಮೆಟ್ಟಿಲು ಹತ್ತಿಸಿ ನಿಲ್ಲಿಸಿದಂತಾಗಿದೆ.

ಫೈನಾನ್ಸ್ ಬೇಕಾದವರು ಡಿಎಸ್‌ಎಸ್‌ಟಿಯ ಪ್ರಿನ್ಸಿಪಲ್ಸ್ ಆಫ್ ಫೈನಾನ್ಸ್‌ಗೆ ಹೋಗುತ್ತಾರೆ. 100 ಪ್ರಶ್ನೆ, ಎರಡು ಗಂಟೆ, ಪಾಸಿಗೆ 400. ಅಕೌಂಟಿಂಗ್ ಮುಗಿಸದೆ ಇದಕ್ಕೆ ಕೈ ಹಾಕಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ, ಪಟ್ಟಿಗಳನ್ನು ಓದಲು ಬಾರದವರಿಗೆ ಅನುಪಾತಗಳು ಬರೀ ಭಿನ್ನರಾಶಿ. ಇಲ್ಲಿಯ ಜೀವಾಳ ಹಣದ ಕಾಲಮೌಲ್ಯ. ಶೇ 8ರ ಬಡ್ಡಿಯಲ್ಲಿ 1,000 ಡಾಲರು ಒಂಬತ್ತು ವರ್ಷಕ್ಕೆ ಎಷ್ಟಾಗುತ್ತದೆ ಎಂದರೆ, 72ನ್ನು 8ರಿಂದ ಭಾಗಿಸಿದಾಗಲೇ ಒಂಬತ್ತಕ್ಕೆ ಇಮ್ಮಡಿ ಎಂದು ಹೊಳೆಯಬೇಕು. ಕ್ಯಾಲ್ಕುಲೇಟರ್ 1,999 ಎನ್ನುತ್ತದೆ. ಈ ಅಂದಾಜು ಮೈಗೂಡಿದವರು ತಪ್ಪು ಗುಂಡಿ ಒತ್ತಿದರೂ ಎಚ್ಚರವಾಗುತ್ತಾರೆ. ಊರಿನಲ್ಲಿ ಚೀಟಿ ಹಾಕಿ, ಸವಾಲಿನಲ್ಲಿ ಎಷ್ಟು ಬಿಟ್ಟುಕೊಟ್ಟು ಎತ್ತಬೇಕೆಂದು ಲೆಕ್ಕ ಹಾಕಿದವರಿಗೆ ಇವತ್ತಿನ ರೂಪಾಯಿಗೂ ನಾಳಿನದಕ್ಕೂ ಇರುವ ವ್ಯತ್ಯಾಸ ಹೊಸದೇನಲ್ಲ. ಪುಸ್ತಕ ಅದಕ್ಕೆ ಹೆಸರು ಕೊಡುತ್ತದೆ, ಅಷ್ಟೆ.

ದಾವಣಗೆರೆಯ ಗೆಳತಿ ಅಕೌಂಟಿಂಗ್ ಪರೀಕ್ಷೆ ಮುಗಿಸಿದರು. ಕೊನೆಯ ಗುಂಡಿ ಒತ್ತಿದ ಕೂಡಲೇ ಪರದೆಯ ಮೇಲೆ ಅಂಕ ಬಂತಂತೆ, 64. ಮುಂದಿನ ಇಂಟರ್‌ಮೀಡಿಯೆಟ್ ಅಕೌಂಟಿಂಗ್ ತರಗತಿಗೆ ಈಗ ಸೇರಿದ್ದಾರೆ. ಅಲ್ಲಿ ಅವರ ಪಕ್ಕ ಕೂರುವ ಹುಡುಗಿಯೊಬ್ಬಳು ಇದೇ ಪರೀಕ್ಷೆಯನ್ನು ಹನ್ನೆರಡು ದಿನದಲ್ಲಿ ಕಾರ್ಡುಗಳಿಂದ ಪಾಸು ಮಾಡಿಕೊಂಡವಳು. ಮೂರನೇ ವಾರ ಹೊಂದಾಣಿಕೆ ನಮೂದುಗಳು ಬಂದಾಗ ಅವಳಿಗೆ ಮೊದಲ ಸಾಲೂ ಬರೆಯಲಾಗಲಿಲ್ಲ. ಹೋದ ಶನಿವಾರ ಗೆಳತಿ ಅವಳನ್ನು ಕಿಟಕಿ ಪಕ್ಕದ ಮೇಜಿಗೆ ಕರೆತಂದರು. ಹೂವಿನ ಅಂಗಡಿಯ ಜನವರಿ 1ರ ನಮೂದಿನಿಂದ ಶುರು ಮಾಡಿದ್ದೇವೆ.