ಝಪ್‌ತಾಲದ ಆದಯ್ಯ

ಲಕ್ಷ್ಮೇಶ್ವರದ ಆದಯ್ಯ ಓದಲಿಕ್ಕೆ ಸೈ, ಹಾಡಲಿಕ್ಕೆ ಒಗ್ಗುವುದಿಲ್ಲ ಎನ್ನುವ ವಚನ ಗಾಯಕರ ಜೊತೆ ನನ್ನದೊಂದು ಹಳೆಯ ತಕರಾರಿದೆ. ಇವತ್ತು ಅದನ್ನು ಇತ್ಯರ್ಥ ಮಾಡಿಯೇಬಿಡೋಣ.

ಆದಯ್ಯನ ಕಥೆ ನಮ್ಮ ಕಡೆ ಯಾರಿಗೂ ಹೊಸದಲ್ಲ. ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಪುಲಿಗೆರೆಗೆ, ಅಂದರೆ ಇಂದಿನ ಲಕ್ಷ್ಮೇಶ್ವರಕ್ಕೆ ಬಂದ, ಜೈನರ ಮನೆಯ ಪದ್ಮಾವತಿಗೆ ಒಲಿದ, ಹಟಕ್ಕೆ ಬಿದ್ದು ಸೋಮನಾಥನನ್ನೇ ಕರೆತಂದು ಬಸದಿಯಲ್ಲಿ ನಿಲ್ಲಿಸಿದ. ಹರಿಹರ ಇದನ್ನು ರಗಳೆಯಲ್ಲಿ ಹಾಡಿದ. ಅವನ ಸೋದರಳಿಯ ರಾಘವಾಂಕ ‘ಸೋಮನಾಥ ಚಾರಿತ್ರ’ವನ್ನೇ ಬರೆದ. ಅದೇ ಊರಿನಲ್ಲಿ ಶಂಖ ಬಸದಿ ಇಂದಿಗೂ ನಿಂತಿದೆ ಎಂಬುದನ್ನೂ ಈ ಕಥೆ ಹೇಳುವವರು ಸೇರಿಸಿ ಹೇಳಬೇಕು.

ರಾಘವಾಂಕನಂಥವನ ಕೈಗೆ ಸಿಕ್ಕು ಆದಯ್ಯ ಕಥಾನಾಯಕನಾದ, ಕವಿ ಆದಯ್ಯ ಮರೆಗೆ ಸರಿದ. 12ನೆಯ ಶತಮಾನದ ಈ ಶರಣನ ಸುಮಾರು 400 ವಚನಗಳು ನಮಗೆ ಉಳಿದಿವೆ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದ 15 ವಚನ ಸಂಪುಟಗಳಲ್ಲಿ ಬಸವಣ್ಣ, ಅಲ್ಲಮ, ಚೆನ್ನಬಸವಣ್ಣ, ಸಿದ್ಧರಾಮರಿಗೆ ಒಂದೊಂದು ಸಂಪುಟ. ಆದಯ್ಯ ಸಂಕೀರ್ಣ ವಚನಗಳ ಸಾಲಿನಲ್ಲಿ. ಸಂಪಾದಕರಿಗೆ ಅದು ಅನಿವಾರ್ಯ. ಆದರೆ ಗಾಯಕರು ಅತ್ತ ಪುಟ ತಿರುವುವುದೇ ಇಲ್ಲವಲ್ಲ!

ಅವನು ಸುಲಭದ ವಚನಕಾರನಲ್ಲ, ಒಪ್ಪುತ್ತೇನೆ. ಷಟ್‌ಸ್ಥಲದ ವಿಚಾರವನ್ನು ಬಿಡಿಸುತ್ತಾ ಹೋಗುವವನು. ಬಸವಣ್ಣನ ತಳಮಳ, ಅಕ್ಕನ ವಿರಹ ಅಲ್ಲಿ ಸಿಗಲಾರದು. ಪ್ರೇಮಕಥೆಯ ಸುಳಿವು ಹುಡುಕಿದವರಿಗೂ ಹೆಚ್ಚೇನೂ ದಕ್ಕದು. ಕೇಳಿದ ಕೂಡಲೇ ಕಣ್ಣು ತುಂಬಿಸುವ ನಾಲ್ಕಾರು ವಚನಗಳನ್ನೇ ರಾಗ ಬದಲಿಸಿ ಹಾಡುವ ಇಂದಿನ ರೂಢಿಗೆ ಇಂಥ ಕವಿ ಹೇಗೆ ಹಿಡಿಸಿಯಾನು?

ಆದರೆ ಹಾಡಲು ಬರುವುದಿಲ್ಲ ಎನ್ನುವವರು ಅವನ ಅಂಕಿತಕ್ಕೆ ಒಮ್ಮೆ ಮಾತ್ರೆ ಹಾಕಿ ನೋಡಲಿ: ಸೌರಾಷ್ಟ್ರ ಸೋಮೇಶ್ವರ. ‘ಸೌ’ ಎರಡು, ‘ರಾಷ್ಟ್ರ’ ಮೂರು, ‘ಸೋ’ ಎರಡು, ‘ಮೇಶ್ವ’ ಮೂರು. ಧೀ ನಾ, ಧೀ ಧೀ ನಾ, ತೀ ನಾ, ಧೀ ಧೀ ನಾ. ಝಪ್‌ತಾಲದ 10 ಮಾತ್ರೆಗಳೂ ವಿಭಾಗ ಸಮೇತ ಅಲ್ಲೇ ಇವೆ! ‘ಸೌ’ ಸಮ್ಮಿಗೆ, ‘ಸೋ’ ಖಾಲಿಗೆ, ಕಡೆಯ ‘ರ’ ಮತ್ತೆ ಸಮ್ಮಿಗೆ. ಬಸವಣ್ಣನ ಕೂಡಲಸಂಗಮದೇವ ಎಂದರೆ ನಾಲ್ಕು ನಾಲ್ಕರ ನಡೆ; ಅದು ಕೆಹರವಾದಲ್ಲಿ ಸರಾಗ ಓಡುತ್ತದೆ. ಆ ನಡೆಗೇ ಪಳಗಿದ ಕೈ ಆದಯ್ಯನ ಐದರ ನಡೆಗೆ ತಡವರಿಸಿದರೆ ವಚನದ್ದೇನು ತಪ್ಪು?

ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದಲ್ಲಿ ಶಿಷ್ಯರನ್ನು ಬೆಳೆಸಿದ ಊರು ಗದಗ. ಲಕ್ಷ್ಮೇಶ್ವರ ಇಲ್ಲಿಂದ ಎಷ್ಟು ದೂರ? ಇಲ್ಲಿನ ಹುಡುಗ ಹುಡುಗಿಯರೇ ಮೊದಲು ಮಾಡಲಿ. ವಚನದ ಒಡಲನ್ನು ತಾಳಕ್ಕೆ ಬಿಗಿಯಬೇಡಿ. ಅದು ಗದ್ಯದ ಉಸಿರಿನದು. ಆಲಾಪದ ಹಾಗೆ ಬಿಡಿಯಾಗಿ, ಅರ್ಥ ಒಡೆಯುವ ಕಡೆ ನಿಲ್ಲಿಸಿ ಹೇಳಿ. ತಬಲಾ ಸುಮ್ಮನಿರಲಿ. ಅಂಕಿತ ಬಂದಾಗ ಠೇಕಾ ಎತ್ತಿಕೊಳ್ಳಲಿ, ವಿಲಂಬಿತದಲ್ಲೇ.