ಹತ್ತನೇ ತರಗತಿಯಲ್ಲೇ ಇದ್ದ ವೃತ್ತ

ಒಂಟಾರಿಯೊದ ಮಿಸಿಸಾಗದ ಕನ್ನಡ ಮನೆಗಳಲ್ಲಿ ಫಂಕ್ಷನ್ ಅಂದರೆ ನಾಮಕರಣ, ಮದುವೆ. ರಿಲೇಶನ್ ಅಂದರೆ ಅದಕ್ಕೆ ಬರುವ ನೆಂಟರಿಷ್ಟರು. ಬೀಜಗಣಿತದಲ್ಲಿ ಈ ಎರಡೂ ಮಾತಿಗೆ ಬೇರೆ ಅರ್ಥ: ಎಕ್ಸ್‌ಗೂ ವೈಗೂ ಇರುವ ಯಾವ ನಂಟಾದರೂ ರಿಲೇಶನ್, ಎಕ್ಸ್‌ನ ಪ್ರತಿ ಬೆಲೆಗೂ ವೈನ ಒಂದೇ ಬೆಲೆ ಇದ್ದರೆ ಮಾತ್ರ ಅದು ಫಂಕ್ಷನ್. ಆ ಅರ್ಥವನ್ನು ಕಲಿಸಲು ಒಂಟಾರಿಯೊ ಪಠ್ಯಕ್ರಮ ಹಿಡಿದಿರುವ ದಾರಿ ಸಲೀಸಾಗಿ ಕಂಡರೂ ನಡುವೆ ಒಂದು ಮೆಟ್ಟಿಲು ತಪ್ಪಿದೆ. ಒಂಬತ್ತನೇ ತರಗತಿಯಲ್ಲಿ ಸರಳರೇಖೆಗಳು, ಹತ್ತರಲ್ಲಿ ಪ್ಯಾರಾಬೋಲಾಗಳು. ಎರಡಕ್ಕೂ ಹೆಸರು ರಿಲೇಶನ್ ಎಂದೇ. ಫಂಕ್ಷನ್ ಎಂದರೇನೆಂದು ಬಿಡಿಸಿ ಹೇಳುವುದು ಹನ್ನೊಂದರಲ್ಲಿ, 2007ರಲ್ಲಿ ಪರಿಷ್ಕರಿಸಿದ ಪಠ್ಯಕ್ರಮದ 'ಫಂಕ್ಷನ್ಸ್' ಕೋರ್ಸಿನಲ್ಲಿ. ಅಷ್ಟರಲ್ಲಿ ಮಕ್ಕಳು ಎರಡು ವರ್ಷ ರಿಲೇಶನ್ ಎಂದು ಕರೆದದ್ದೆಲ್ಲ ಹೆಚ್ಚೂಕಡಿಮೆ ಫಂಕ್ಷನ್ನೇ ಆಗಿರುತ್ತದೆ. ಹಾಗಾದರೆ ವ್ಯತ್ಯಾಸ ಹೊಳೆಯುವುದು ಎಲ್ಲಿಂದ? ನಕ್ಷೆಯ ಮೇಲೆ ಲಂಬರೇಖೆ ಎಳೆದು, ಎರಡು ಕಡೆ ತಾಗಿದರೆ 'ಅಲ್ಲ' ಎಂದು ಬರೆಯುವ ಪರೀಕ್ಷೆ ಬರಿಯ ಶಾಸ್ತ್ರವಾಗಿ ಉಳಿಯುತ್ತದೆ. ಎಕ್ಸ್‌ನ ಒಂದೇ ಬೆಲೆಯನ್ನು ಹಿಡಿದು ನಿಲ್ಲಿಸುವುದೇ ಆ ರೇಖೆಯ ಕೆಲಸ ಎಂಬುದು ಮರೆತೇಹೋಗುತ್ತದೆ. ಇದರ ಬಿಸಿ ತಟ್ಟುವುದು ಅದೇ ಕೋರ್ಸಿನ ವಿಲೋಮದ ಪಾಠದಲ್ಲಿ: 3ರ ವರ್ಗ 9, ಸರಿ, 9ರಿಂದ ಹಿಂದಿರುಗುವಾಗ 3ಕ್ಕೋ, −3ಕ್ಕೋ?

ಬೆಂಗಳೂರಿನಲ್ಲಿ ಪಿಯುಸಿ ಮುಗಿಸಿ ಬಂದ ಅಪ್ಪ ಅಮ್ಮ, ನಮ್ಮ ಪದ್ಧತಿಯೇ ವಾಸಿ ಎನ್ನಬಹುದು. ಅಲ್ಲಿ ಗಣಗಳು, ಕ್ರಮಯುಗ್ಮಗಳು, ಆಮೇಲೆ ನೇರವಾಗಿ ವ್ಯಾಖ್ಯೆ. ಎರಡು ಅಂಶಗಳ ಗಣದಿಂದ ಮೂರು ಅಂಶಗಳ ಗಣಕ್ಕೆ 64 ರಿಲೇಶನ್‌ಗಳಿದ್ದರೆ ಫಂಕ್ಷನ್‌ಗಳು ಬರೀ 9. ವ್ಯತ್ಯಾಸ ಎದ್ದು ಕಾಣುವುದೇನೋ ನಿಜ. ಆದರೆ ಎಣಿಸಿ ಅಂಕ ಗಿಟ್ಟಿಸಿದವರಿಗೆ ಒಂದು ಬದಲಾದಾಗ ಇನ್ನೊಂದು ಹೇಗೆ ಬದಲಾಗುತ್ತದೆಂಬ ಅರಿವು ಬಂದೇಬಿಡುತ್ತದೆ ಅನ್ನಲಾಗದು. ಅದನ್ನು ಕೊಡುವುದರಲ್ಲಿ ಒಂಟಾರಿಯೊದ ಕೋಷ್ಟಕ, ನಕ್ಷೆಗಳೇ ಮುಂದು. ಗಣಗಳ ಭಾಷೆಯನ್ನು ಎಳೆಯರ ಮೇಲೆ ಹೇರಿದ ಅರವತ್ತರ ದಶಕದ 'ಹೊಸ ಗಣಿತ' ಏನಾಯಿತೆಂದು ಗಣಿತಜ್ಞ ಮಾರಿಸ್ ಕ್ಲೈನ್ 1973ರಲ್ಲೇ ಪುಸ್ತಕ ಬರೆದು ಝಾಡಿಸಿದ್ದೂ ಇದೆ. ಹಾಗಾಗಿ ವ್ಯಾಖ್ಯೆಯನ್ನು ಒಂಬತ್ತಕ್ಕೆ ಎಳೆದು ತರಬೇಕೆಂಬುದು ನನ್ನ ವಾದವಲ್ಲ. ಬೇಕಾದದ್ದು ಫಂಕ್ಷನ್ ಅಲ್ಲದ ಒಂದು ಉದಾಹರಣೆ, ಅದೂ ಬೇಗ. ಮಗುವಿನ ಹೆಸರು ಹೇಳಿದರೆ ಹೆತ್ತ ತಾಯಿ ಯಾರೆಂದು ಒಂದೇ ಉತ್ತರ. ಅಣ್ಣ ತಂಗಿ ಇಬ್ಬರಿಗೂ ಒಬ್ಬಳೇ ತಾಯಿ ಎಂಬುದರಿಂದ ಅದಕ್ಕೇನೂ ಕುಂದಿಲ್ಲ. ತಾಯಿಯ ಹೆಸರು ಹೇಳಿ ಮಗು ಯಾರೆಂದು ಕೇಳಿ, ಉತ್ತರ ಕವಲೊಡೆಯುತ್ತದೆ. ಪಠ್ಯದಲ್ಲೂ ಇಂಥದ್ದೊಂದು ಕೂತೇ ಇದೆ: ಮೂಲಬಿಂದುವನ್ನು ಕೇಂದ್ರವಾಗುಳ್ಳ ವೃತ್ತದ ಸಮೀಕರಣ ಹತ್ತನೇ ತರಗತಿಯ ರೇಖಾಗಣಿತದ ಭಾಗದಲ್ಲಿ, ದೂರದ ಲೆಕ್ಕದ ಬೆನ್ನಿಗೇ ಬರುತ್ತದೆ. ತ್ರಿಜ್ಯ 5, ಎಕ್ಸ್ 3 ಆದಾಗ ವೈ ಎಷ್ಟು ಎಂದು ಅಲ್ಲೇ ಕೇಳಿದರೆ 4 ಎಂದು ಅರ್ಧ ತರಗತಿ, −4 ಎಂದು ಇನ್ನರ್ಧ ಕೂಗೀತು.