ಮಾಗಿ, ಸುಗ್ಗಿ, ಶರತ್ತು: ಕೀಟ್ಸ್ ಕವಿಯ ಋತುಪ್ರಗಾಥ

ಇಂಗ್ಲಿಷಿನ ‘ಆಟಮ್’ ಎಂಬ ಮಾತಿಗೆ ಕನ್ನಡದಲ್ಲಿ ‘ಶರತ್ಕಾಲ’ವೆಂಬ ಮಾತು ರೂಢಿಗೊಂಡಿದೆ. ಜಾನ್ ಕೀಟ್ಸ್ ೧೮೧೯ರಲ್ಲಿ ರಚಿಸಿದ ‘ಟು ಆಟಮ್’ ಎಂಬ ಪ್ರಗಾಥವೂ ಈ ರೂಢಿಗನುಸಾರವಾಗಿ ನಮ್ಮಲ್ಲಿ ಶರದೃತುವಿನ ಕವಿತೆಯೆಂದೇ ಎಣಿಸಲ್ಪಡುತ್ತದೆ. ಈ ಹೆಸರು ಸರಿಯೇ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಅನುವಾದಕರ ಒಂದು ಸಣ್ಣ ತೊಡಕಿನಂತೆ ತೋರಬಹುದು. ಆದರೆ ಆ ಕವಿತೆಯಲ್ಲಿ ತುಂಬಿರುವ ಆನಂದದ ಮೂಲ ಯಾವುದು ಎಂಬ ದೊಡ್ಡ ಪ್ರಶ್ನೆ ಇದರೊಳಗೇ ಅಡಗಿದೆ.

ನಮ್ಮ ಶರತ್ತು ಆಶ್ವಯುಜ ಕಾರ್ತಿಕಗಳ ಋತು. ಮಳೆಯಿಂದ ಬಿಡುಗಡೆಯೇ ಅದರ ಜೀವಾಳ. ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾಕಾಂಡದಲ್ಲಿ ರಾಮನು ಪ್ರಸ್ರವಣಗಿರಿಯಲ್ಲಿ ಮಳೆಯ ತಿಂಗಳುಗಳನ್ನು ಕಳೆದು ಶರತ್ತಿನ ಆಗಮನವನ್ನು ಕಾಣುತ್ತಾನೆ. ಆ ಕಿಷ್ಕಿಂಧೆ ಹಂಪೆ ಆನೆಗೊಂದಿಗಳ ಪ್ರದೇಶವೇ ಎಂಬುದು ಪರಂಪರೆಯ ನಂಬಿಕೆ. ಮೋಡಗಳು ನೀರನ್ನೆಲ್ಲ ಚೆಲ್ಲಿ ಬೆಳ್ಳಗಾಗಿವೆ. ಹೊಳೆಗಳು ತಿಳಿಯಾಗಿ ಮರಳದಿಣ್ಣೆಗಳು ಮೆಲ್ಲನೆ ಮೇಲೆದ್ದಿವೆ. ನವಿಲು ಮೌನವಾಗಿದೆ, ಹಂಸ ಮರಳಿದೆ. ಕೆಸರು ಆರಿದ ದಾರಿಗಳಲ್ಲಿ ಅರಸರು ದಂಡೆತ್ತಿ ಹೊರಡುವ ಕಾಲವದು. ಆದುದರಿಂದಲೇ ಕೊಟ್ಟ ಮಾತನ್ನು ಸುಗ್ರೀವನು ಮರೆತನೆಂಬ ರಾಮನ ವ್ಯಥೆ ಅಲ್ಲಿ ಇಮ್ಮಡಿಯಾಗುತ್ತದೆ. ರಘುವಂಶದ ನಾಲ್ಕನೆಯ ಸರ್ಗದಲ್ಲಿ ರಘುವಿನ ದಿಗ್ವಿಜಯ ತೊಡಗುವುದೂ ಶರತ್ತಿನಲ್ಲಿಯೇ. ಕಬ್ಬಿನ ನೆರಳಿನಲ್ಲಿ ಕುಳಿತು ಬತ್ತದ ಪೈರನ್ನು ಕಾಯುವ ಹೆಂಗಸರು ಅವನ ಕೀರ್ತಿಯನ್ನು ಹಾಡುತ್ತಾರೆ. ಕಾಳಿದಾಸನದೆಂದು ಪ್ರಸಿದ್ಧವಾದ ಋತುಸಂಹಾರದ ಮೂರನೆಯ ಸರ್ಗವು ಶರತ್ತನ್ನು ನವವಧುವಾಗಿ ಕಾಣುತ್ತದೆ. ಅಷ್ಟಾದಶ ವರ್ಣನೆಗಳಲ್ಲಿ ಋತುವರ್ಣನೆಯನ್ನೂ ಎಣಿಸಿದ ನಮ್ಮ ಚಂಪೂ ಕವಿಗಳಿಗೆ ಈ ಚಿತ್ರಗಳು ಪಿತ್ರಾರ್ಜಿತವಾಗಿ ಬಂದವು. ಒಟ್ಟಿನಲ್ಲಿ ಶರತ್ತು ತೆರೆಯುವ ಋತು. ಪಯಣಕ್ಕೂ ಮದುವಣಗಿತ್ತಿಯ ಸಿಂಗಾರಕ್ಕೂ ಅದು ಆರಂಭ.

ಇಂಗ್ಲೆಂಡಿನ ‘ಆಟಮ್’ ಮುಚ್ಚುವ ಋತು. ಹಗಲು ಕುಗ್ಗುತ್ತದೆ, ಎಲೆ ಉದುರುತ್ತದೆ, ಮುಂದೆ ಕೊರೆಯುವ ಚಳಿ ಕಾದಿರುತ್ತದೆ. ನಮ್ಮಲ್ಲಿ ಎಲೆ ಉದುರುವುದು ಶಿಶಿರದ ಲಕ್ಷಣ. ಬತ್ತದ ಕೊಯ್ಲು ಹೇಮಂತದ್ದು. ತಿಳಿಯಾದ ಆಕಾಶ ಶರತ್ತಿನದು. ಅವರ ಒಂದು ಋತು ನಮ್ಮ ಮೂರು ಋತುಗಳ ಮೇಲೆ ಹರಡಿಕೊಂಡಿದೆ. ಮೇಲಾಗಿ, ಅಂಥ ಋತುವನ್ನು ಕುರಿತು ಹಾಡುವ ಕವಿಗೆ ಶೋಕವು ಸಿದ್ಧವಸ್ತುವಾಗಿ ದೊರೆಯುತ್ತದೆ. ಆನಂದವನ್ನು ಅವನು ದುಡಿದು ಪಡೆಯಬೇಕು.

ಕೀಟ್ಸ್ ಅದನ್ನು ಪಡೆದದ್ದು ಸುಖದ ದಿನಗಳಲ್ಲಲ್ಲ. ೧೮೧೮ರ ಡಿಸೆಂಬರಿನಲ್ಲಿ ತಮ್ಮನಾದ ಟಾಮ್ ಕ್ಷಯದಿಂದ ತೀರಿಕೊಂಡಿದ್ದನು. ಅಮೆರಿಕದಲ್ಲಿ ನೆಲೆಸಿದ್ದ ಇನ್ನೊಬ್ಬ ತಮ್ಮ ಜಾರ್ಜ್ ಹಣದ ಮುಗ್ಗಟ್ಟಿಗೆ ಸಿಕ್ಕು ಕಾಗದ ಬರೆದಿದ್ದನು. ಆ ಕೆಲಸಕ್ಕಾಗಿ ಕವಿ ೧೮೧೯ರ ಸೆಪ್ಟೆಂಬರಿನಲ್ಲಿ ಕೆಲವು ದಿನ ಲಂಡನ್ನಿಗೆ ಹೋಗಿ ವಿಂಚೆಸ್ಟರಿಗೆ ಮರಳಿದನು. ‘ಹೈಪೀರಿಯನ್’ ಕಾವ್ಯದಲ್ಲಿ ಮಿಲ್ಟನ್ನನ ಶೈಲಿಯ ಭಾರ ಹೆಚ್ಚಾಯಿತೆಂದು ಅದನ್ನು ಕೈಬಿಟ್ಟನು. ಆಗ ಅವನಿಗೆ ಇಪ್ಪತ್ತಮೂರು ವರ್ಷ. ಸೆಪ್ಟೆಂಬರ್ ೧೯ರಂದು ಇಚೆನ್ ನದಿಯ ಬಯಲಲ್ಲಿ ತಿರುಗಾಡಿ ಬಂದು ಈ ಪ್ರಗಾಥವನ್ನು ರಚಿಸಿದನು. ಎರಡು ದಿನಗಳ ಬಳಿಕ ಗೆಳೆಯ ರೆನಾಲ್ಡ್ಸನಿಗೆ ಬರೆದ ಕಾಗದದಲ್ಲಿ, ಕೊಯ್ಲಾದ ಕೂಳೆಯ ಹೊಲ ವಸಂತದ ತಣ್ಣನೆಯ ಹಸುರಿಗಿಂತ ತನಗೆ ಪ್ರಿಯವಾಯಿತೆಂದೂ, ಕೆಲವು ಚಿತ್ರಗಳು ಬೆಚ್ಚಗೆ ಕಾಣುವಂತೆ ಅದು ಬೆಚ್ಚಗೆ ಕಂಡಿತೆಂದೂ ಹೇಳಿದ್ದಾನೆ. ಸ್ಫೂರ್ತಿಗೆ ನಿಮಿತ್ತವಾದುದು ತುಂಬಿದ ಪೈರಲ್ಲ, ಬರಿದಾದ ಹೊಲ ಎಂಬುದು ಗಮನಾರ್ಹ.

ಕವಿತೆಯಲ್ಲಿ ಮೂರು ಚರಣಗಳು. ಕೀಟ್ಸ್ ಅದೇ ವರ್ಷದ ವಸಂತದಲ್ಲಿ ಬರೆದ ಕೋಗಿಲೆಯಂಥ ನೈಟಿಂಗೇಲ್ ಹಕ್ಕಿಯ ಪ್ರಗಾಥಕ್ಕೂ ಗ್ರೀಕ್ ಕಲಶದ ಪ್ರಗಾಥಕ್ಕೂ ಹತ್ತು ಸಾಲಿನ ಚರಣಗಳಿದ್ದರೆ, ಇಲ್ಲಿ ಹನ್ನೊಂದು. ಮುಗಿಯಬೇಕಾದಲ್ಲಿ ಇನ್ನೊಂದು ಸಾಲು ತಂಗುತ್ತದೆ. ಮೊದಲ ಚರಣದಲ್ಲಿ ಮಂಜು, ಮಾಗುವ ಹಣ್ಣು, ಬಾಗಿದ ಸೇಬಿನ ಕೊಂಬೆ, ಉಬ್ಬುವ ಸೋರೆ, ಬೇಸಗೆ ಮುಗಿಯುವುದೇ ಇಲ್ಲವೆಂದು ನಂಬಿದ ಜೇನುಹುಳು. ಇಷ್ಟನ್ನೆಲ್ಲ ಹೊತ್ತ ಈ ಹನ್ನೊಂದು ಸಾಲುಗಳಲ್ಲಿ ಪ್ರಧಾನವಾಕ್ಯವನ್ನು ಮುಗಿಸುವ ಪೂರ್ಣಕ್ರಿಯೆಯೇ ಇಲ್ಲ; ಸಂಬೋಧನೆಯ ಬೆನ್ನಿಗೆ ತುಮಂತ ರೂಪಗಳು ಒಂದರ ಮೇಲೊಂದು ಪೇರಿಕೊಂಡಿವೆ. ಕನ್ನಡದ ವಾಕ್ಯಕ್ಕೆ ಕಡೆಯಲ್ಲಿ ಕ್ರಿಯಾಪದ ಬರಬೇಕೆಂಬ ಒತ್ತಾಯವಿರುವುದರಿಂದ, ಅನುವಾದಕನು ಅಲ್ಲೊಂದು ‘ಇದೆ’ಯನ್ನೋ ‘ತುಂಬುವೆ’ಯನ್ನೋ ಇಟ್ಟು ಮಾಗುವಿಕೆಯನ್ನೇ ಮುಗಿಸಿಬಿಡುವ ಅಪಾಯವುಂಟು. ತೂಗಿಸಲು, ಬಾಗಿಸಲು, ತುಂಬಲು, ಉಬ್ಬಿಸಲು ಎಂದು ಬಿಟ್ಟು, ವಾಕ್ಯವನ್ನು ಹಣ್ಣಿನಂತೆ ಕೊಂಬೆಯಲ್ಲೇ ತೂಗಲು ಬಿಡುವುದು ಲೇಸು.

ಎರಡನೆಯ ಚರಣದಲ್ಲಿ ಋತುವಿಗೆ ಮೈ ಬರುತ್ತದೆ. ಆ ಮೈ ನವವಧುವಿನದಲ್ಲ, ದುಡಿಯುವ ಆಳಿನದು. ಒಮ್ಮೆ ಕಣದಲ್ಲಿ ಕುಳಿತಿದೆ, ತೂರುವ ಗಾಳಿಗೆ ಕೂದಲು ಎದ್ದಿದೆ. ಒಮ್ಮೆ ಅರ್ಧ ಕೊಯ್ದ ಸಾಲಿನಲ್ಲಿ ಗಸಗಸೆ ಹೂವಿನ ಅಮಲಿಗೆ ನಿದ್ದೆಹೋಗಿದೆ. ಕುಡುಗೋಲು ಮುಂದಿನ ಹಿಡಿ ಪೈರನ್ನು ಹೂವುಸಮೇತ ಉಳಿಸಿದೆ. ಒಮ್ಮೆ ಹಕ್ಕಲು ಆಯ್ದು ತಲೆಹೊರೆಯೊಡನೆ ಹಳ್ಳ ದಾಟುತ್ತಿದೆ. ಒಮ್ಮೆ ಸೇಬಿನ ರಸದ ಗಾಣದ ಬಳಿ ಕಡೆಯ ಹನಿಗಳನ್ನು ತಾಳ್ಮೆಯಿಂದ ನೋಡುತ್ತ ನಿಂತಿದೆ. ಆಲೆಮನೆಯಲ್ಲಿ ರಾತ್ರಿ ಕಳೆದವರಿಗೆ ಈ ಕೊನೆಯ ಚಿತ್ರಕ್ಕೆ ವ್ಯಾಖ್ಯಾನ ಬೇಕಿಲ್ಲ. ಕೆಲಸ ಮುಗಿದಿಲ್ಲ, ಅವಸರವೂ ಇಲ್ಲ. ಕೊಯ್ಯುವ ಕೈಯೇ ಅರೆಗಳಿಗೆ ಉಳಿಸುವ ಕೈಯೂ ಆಗಿರುವುದರಲ್ಲಿ ಈ ಚರಣದ ಸೊಗಸಿದೆ.

ಮೂರನೆಯ ಚರಣ ಕಿವಿಯದು. ವಸಂತದ ಹಾಡುಗಳೆಲ್ಲಿ ಎಂಬ ಪ್ರಶ್ನೆ ಏಳುತ್ತದೆ. ಕವಿ ಅದನ್ನು ತಳ್ಳಿಹಾಕದೆ, ಅದಕ್ಕೆ ಸಮಾಧಾನವನ್ನೂ ಹೇಳದೆ, ಈ ಋತುವಿಗೂ ತನ್ನದೇ ಆದ ನಾದವುಂಟೆಂದು ಕಿವಿಗೊಡುತ್ತಾನೆ. ನದಿಯಂಚಿನ ಗಿಡಗಳ ನಡುವೆ ನೊರಜುಗಳ ಅಳಲು, ಗುಡ್ಡದಿಂದ ಕುರಿಗಳ ಕೂಗು, ಬೇಲಿಯ ಜೀರುಂಡೆ, ತೋಟದ ರಾಬಿನ್ ಹಕ್ಕಿ. ಶೋಕವನ್ನು ಹೊರಗಿಟ್ಟಿಲ್ಲ, ಅದು ಮೇಳದ ಒಂದು ದನಿಯಾಗಿದೆ. ಕೂಗುವ ಕುರಿಗಳು ವಸಂತದಲ್ಲಿ ಹುಟ್ಟಿ ಈಗ ಬೆಳೆದುನಿಂತ ಮರಿಗಳು ಎಂಬುದನ್ನು ಕಂಡಾಗ, ಕೇಳಿದ ಪ್ರಶ್ನೆಗೆ ಉತ್ತರ ಗುಡ್ಡದ ಮೇಲಿಂದಲೇ ಬಂದಂತಾಗುತ್ತದೆ. ವಸಂತ ಎಲ್ಲಿಯೂ ಹೋಗಿಲ್ಲ, ಬೆಳೆದಿದೆ. ಇಡೀ ಕವಿತೆಯಲ್ಲಿ ‘ನಾನು’ ಎಂಬ ಮಾತು ಒಮ್ಮೆಯೂ ಬರುವುದಿಲ್ಲ. ಉದುರುವ ಎಲೆಯೂ ಒಂದಿಲ್ಲ.

ಅದೇ ವರ್ಷದ ಅಕ್ಟೋಬರಿನಲ್ಲಿ ಶೆಲ್ಲಿ ಕವಿ ಫ್ಲಾರೆನ್ಸಿನಲ್ಲಿ ಪಡುವಣ ಗಾಳಿಯ ಪ್ರಗಾಥವನ್ನು ಬರೆದನು. ಅಲ್ಲಿ ತರಗೆಲೆಗಳದೇ ಭರಾಟೆ. ಗಾಳಿಯಲ್ಲಿ ತಾನೇ ಎಲೆಯಾಗಬಯಸುವ ಕವಿ ಕೊನೆಗೆ ಬರಲಿರುವ ವಸಂತವನ್ನು ನೆನೆದು ಧೈರ್ಯ ತಂದುಕೊಳ್ಳುತ್ತಾನೆ. ಅವನ ಆನಂದ ನಾಳೆಯಿಂದ ಪಡೆದ ಸಾಲ. ಕೀಟ್ಸನು ಇಂದಿನ ದುಡಿಮೆಯ ಕೂಲಿಯಲ್ಲೇ ತೃಪ್ತನಾಗಿದ್ದಾನೆ. ಒಬ್ಬನು ಹಿರಿಯ, ಇನ್ನೊಬ್ಬನು ಕಿರಿಯ ಎಂಬ ತೀರ್ಮಾನ ಇದರಿಂದ ಹೊರಡುವುದಿಲ್ಲ; ಋತು ಒಂದೇ ಆದರೂ ಕವಿಮನಸ್ಸಿನ ನಿಲುವು ಬೇರೆಯಾದಂತೆ ಆನಂದದ ಜಾತಿಯೂ ಬೇರೆಯಾಗುತ್ತದೆ ಎಂಬಷ್ಟೇ ಇಲ್ಲಿಯ ಮಾತು.

ಈ ತೃಪ್ತಿ ಪಲಾಯನವಲ್ಲವೇ ಎಂಬ ಆಕ್ಷೇಪವುಂಟು. ೧೮೧೯ರ ಆಗಸ್ಟ್ ೧೬ರಂದು ಮ್ಯಾಂಚೆಸ್ಟರಿನಲ್ಲಿ ಸುಧಾರಣೆ ಬೇಡಿ ನೆರೆದ ಜನರ ಮೇಲೆ ಕುದುರೆದಳ ನುಗ್ಗಿ ಸಾವುನೋವುಗಳಾದವು. ಆ ‘ಪೀಟರ್ಲೂ’ ಘಟನೆಯ ನೆರಳಿನಲ್ಲಿ ಇಂಥ ಶಾಂತಿಯನ್ನು ಚಿತ್ರಿಸುವುದು ಚರಿತ್ರೆಗೆ ಬೆನ್ನು ತಿರುಗಿಸಿದಂತೆ ಎಂದು ಜೆರೋಮ್ ಮೆಕ್‌ಗ್ಯಾನ್ ೧೯೭೯ರಲ್ಲಿ ವಾದಿಸಿದನು. ಕೀಟ್ಸನಿಗೆ ಆ ಘಟನೆ ತಿಳಿಯದೆ ಇರಲಿಲ್ಲ. ಸೆಪ್ಟೆಂಬರ್ ೧೩ರಂದು ಜನನಾಯಕ ಹೆನ್ರಿ ಹಂಟನನ್ನು ಎದುರುಗೊಳ್ಳಲು ಲಂಡನ್ನಿನಲ್ಲಿ ಕೂಡಿದ ಜನಸ್ತೋಮವನ್ನು ಅವನು ಕಾಗದದಲ್ಲಿ ಬಣ್ಣಿಸಿದ್ದಾನೆ. ಆದರೆ ೧೯೯೭ರಲ್ಲಿ ನಿಕೊಲಾಸ್ ರೋ ಮೊದಲಾದವರು ಕವಿತೆಯ ಮಾತುಗಳಲ್ಲೇ ಆ ಕಾಲದ ಕಾವನ್ನು ಗುರುತಿಸಿದ್ದಾರೆ. ಹಕ್ಕಲು ಆಯುವುದು ಸಾರ್ವತ್ರಿಕ ಹಕ್ಕಲ್ಲವೆಂದು ೧೭೮೮ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದು ತೀರ್ಪಿತ್ತಿತ್ತು. ಹೀಗಿರಲು, ಹಕ್ಕಲಿನ ಹೊರೆ ಹೊತ್ತ ಬಡವಿಯನ್ನು ಋತುದೇವತೆಯ ಸ್ಥಾನದಲ್ಲಿ ನಿಲ್ಲಿಸಿದ ಕವಿ ಹೊಲದ ವಾಸ್ತವವನ್ನು ಮರೆತನೆನ್ನುವುದು ಕಷ್ಟ. ಕವಿತೆ ಘೋಷಣೆಯಾಗಿಲ್ಲ ಎಂಬುದು ದಿಟ. ಬೆನ್ನು ತಿರುಗಿಸಿದೆ ಎಂಬುದು ಅತಿಶಯೋಕ್ತಿ.

ಇನ್ನು ಹೆಸರಿನ ಮಾತು. ‘ಶರತ್ತು’ ಎಂದರೆ ತೆರೆಯುವ ಋತುವಿನ ಉಲ್ಲಾಸ ಬಂದು ಮುಚ್ಚುವ ಋತುವಿನ ತೃಪ್ತಿಯನ್ನು ಮರೆಸುತ್ತದೆ. ‘ಸುಗ್ಗಿ’ ಎಂದರೆ ಎರಡನೆಯ ಚರಣ ಕನ್ನಡದ ಹೊಲದಲ್ಲೇ ಹುಟ್ಟಿದಂತಾದೀತು. ಆದರೆ ಹಳಗನ್ನಡದಲ್ಲಿ ಸುಗ್ಗಿಯೆಂದರೆ ವಸಂತವೂ ಹೌದು. ಹೂವಿಗೂ ಫಲಕ್ಕೂ ಒಂದೇ ಮಾತನ್ನಿಟ್ಟ ಭಾಷೆಯಲ್ಲಿ ವಸಂತದ ಹಾಡೆಲ್ಲಿ ಎಂಬ ಪ್ರಶ್ನೆಗೆ ಮೊನೆಯೇ ಉಳಿಯುವುದಿಲ್ಲ. ಉಳಿದದ್ದು ‘ಮಾಗಿ’. ಈ ಹೆಸರು ಮಾಘಮಾಸದಿಂದ ಬಂದದ್ದು. ಹಣ್ಣಾಗು ಎಂಬರ್ಥದ ‘ಮಾಗು’ ಅಚ್ಚಗನ್ನಡ ಧಾತು. ವ್ಯುತ್ಪತ್ತಿಯಲ್ಲಿ ಇವೆರಡಕ್ಕೂ ನಂಟಿಲ್ಲ. ಕನ್ನಡದ ಕಿವಿ ಮಾತ್ರ ನಂಟನ್ನು ಕಲ್ಪಿಸಿಕೊಳ್ಳುತ್ತದೆ. ಮಂಜು, ಚಳಿ, ಪಕ್ವತೆ ಮೂರೂ ಒಂದೇ ಉಸಿರಿನಲ್ಲಿ ಬರುವ ಬೇರೆ ಮಾತು ನಮ್ಮಲ್ಲಿಲ್ಲ. ಪಂಚಾಂಗದ ಲೆಕ್ಕದಲ್ಲಿ ಸೆಪ್ಟೆಂಬರನ್ನು ಮಾಗಿಯೆನ್ನುವುದು ತಪ್ಪು. ರಸದ ಲೆಕ್ಕದಲ್ಲಿ ಅದೇ ಹೆಚ್ಚು ಸರಿ.

ಆದರೂ ಶರತ್ತನ್ನು ಪೂರಾ ಕೈಬಿಡುವಂತಿಲ್ಲ. ಕವಿತೆಯ ಕೊನೆಯ ಸಾಲಿನಲ್ಲಿ ಸ್ವಾಲೋ ಎಂಬ ಕವಲುಬಾಲದ ಹಕ್ಕಿಗಳು ಆಕಾಶದಲ್ಲಿ ಕೂಡುತ್ತವೆ. ಇಂಗ್ಲೆಂಡಿನ ಸ್ವಾಲೋಗಳು ಚಳಿಗೆ ಮುನ್ನ ಆಫ್ರಿಕದ ದಕ್ಷಿಣಕ್ಕೆ ಹಾರುತ್ತವೆ. ಅದೇ ಕಾಲದಲ್ಲಿ ನಮ್ಮ ಬಯಲುಗಳಿಗೆ ಉತ್ತರದಿಂದ ಹಕ್ಕಿಗಳು ಬಂದಿಳಿಯುತ್ತವೆ. ಕಾವ್ಯದ ಹಂಸಖಂಜನಗಳು ಶರತ್ತಿನ ಅತಿಥಿಗಳಾದದ್ದು ಈ ಕಾರಣದಿಂದಲೇ. ಅಲ್ಲಿ ಬೀಳ್ಕೊಡುಗೆಯಾದದ್ದು ಇಲ್ಲಿ ಸ್ವಾಗತ. ಊರಿನ ಮಾಗಿ ನೆನಪಿನಲ್ಲೂ, ನೆಲೆಸಿದ ನಗರದ ಶರತ್ತು ನವರಾತ್ರಿಯ ದೀಪಗಳಲ್ಲೂ ಇರುವ ಹೊರನಾಡ ಕನ್ನಡಿಗರಿಗೆ ಈ ಎರಡೂ ಅರ್ಥ ಒಟ್ಟಿಗೆ ಹೊಳೆಯುವುದು ಸಹಜ. ಕೀಟ್ಸ್ ಮಾತ್ರ ಹಕ್ಕಿಗಳು ಹೊರಟವೆಂದು ಹೇಳುವುದಿಲ್ಲ. ಅವು ಕೂಡುತ್ತಿರುವಾಗಲೇ, ದನಿ ಇನ್ನೂ ಕೇಳುತ್ತಿರುವಾಗಲೇ, ಕವಿತೆ ನಿಂತುಬಿಡುತ್ತದೆ.